ಟಾಕ್ಸಿಕಾಲಜಿಗೆ (ವಿಷಶಾಸ್ತ್ರ) ಫಾರಿನ್ ಟ್ರೈನಿಂಗ್: ಹೋಗಿಬಂದೋರು ಸ್ವಲ್ಪ ಹೇಳ್ರಿ

ಕೇಳಿದ್ದು:
ಎಂಎಸ್ಸಿ ಎನ್ವಿರಾನ್ಮೆಂಟಲ್ ಸೈನ್ಸ್ ಮುಗಿಸೀನ್ರಿ. ಊರು ಹಟ್ಟಿ ಚಿನ್ನದ ಗಣಿ ಕಡೆ, ಆ ಭಾಗದಾಗ ಬೋರ್ ನೀರಿನ್ಯಾಗ ಆರ್ಸೆನಿಕ್ ಐತಿ, ಅದ್ರ ಮ್ಯಾಲೇ ಕೆಲ್ಸ ಮಾಡೋ ಆಸೆ. ಒಂದ್ ಕಡೆ ಟಾಕ್ಸಿಕಾಲಜಿದು ಒಂದ್ ವಾರದ ಆನ್‌ಲೈನ್ ‘ಇಂಟರ್‌ನ್ಯಾಷನಲ್’ ಸರ್ಟಿಫಿಕೇಟಿಗೆ 18,000 ಕೇಳಾಕತ್ತಾರ. ಕಟ್ಟಬೇಕೇನ್ರಿ?

ಉತ್ತರ 1:
ಕಟ್ಬೇಡಿ ಮಾರಾಯ್ರೆ. ನಾನು ಬೆಂಗಳೂರಲ್ಲಿ ಜಿಎಲ್‌ಪಿ (ಗುಡ್ ಲ್ಯಾಬೊರೇಟರಿ ಪ್ರಾಕ್ಟೀಸ್ ಅನ್ನೋ ಗುಣಮಟ್ಟದ ನಿಯಮ ಪಾಲಿಸೋ) ಲ್ಯಾಬಲ್ಲಿದೀನಿ, ಇಂಟರ್‌ವ್ಯೂಗೆ ಬರೋರ ಸರ್ಟಿಫಿಕೇಟ್ ಫೈಲ್ ದಪ್ಪಗಿರತ್ತೆ, ಆದ್ರೆ ಡಾಫ್ನಿಯಾ (ನೀರಿನ ವಿಷ ಅಳೆಯೋಕೆ ಬಳಸೋ ಸಣ್ಣ ನೀರುಜೀವಿ) ಟೆಸ್ಟಲ್ಲಿ ಯಾವ್ದನ್ನ ಚಲನೆ ನಿಂತಿದ್ದು ಅಂತ ಎಣಿಸ್ತೀರಾ ಅಂದ್ರೆ ಗಪ್‌ಚುಪ್. ಬೀಕರ್ ಮೆಲ್ಲಗೆ ಅಲ್ಲಾಡಿಸಿ 15 ಸೆಕೆಂಡ್ ನೋಡ್ಬೇಕು, ಈಜಲಿಲ್ವಾ, ಮೀಸೆ ಆಡಿಸ್ತಿದ್ರೂ ಚಲನೆ ನಿಂತಿದ್ದು ಅಂತ್ಲೇ ಲೆಕ್ಕಕ್ಕೆ ತಗೋಬೇಕು. ಆಗಾಗ ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ 24 ಗಂಟೆಯ ಇಸಿ50 (ಅರ್ಧದಷ್ಟು ಜೀವಿಗಳ ಚಲನೆ ನಿಲ್ಲಿಸೋ ಪ್ರಮಾಣ) ಲೀಟರಿಗೆ 0.6ರಿಂದ 2.1 ಮಿಗ್ರಾಂ ಒಳಗೆ ಬಂತಾ ನೋಡ್ತೀವಿ, ಬರ್ಲಿಲ್ಲ ಅಂದ್ರೆ ನಾವು ಸಾಕಿದ ಡಾಫ್ನಿಯಾದಲ್ಲೇ ಏನೋ ಎಡವಟ್ಟು. ಇದೆಲ್ಲ ಸ್ಕ್ರೀನ್ ನೋಡಿ ಬರಲ್ಲ. 2011ರಿಂದ ಭಾರತದ ಜಿಎಲ್‌ಪಿ ಡೇಟಾನ ಓಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟ) ದೇಶಗಳೂ ಒಪ್ಕೊಳ್ತವೆ, ಇಲ್ಲೇ ಕಲ್ತ್ರೂ ಅದೇ ಗೈಡ್‌ಲೈನು.

ಉತ್ತರ 2:
ಮೇಲಿನವ್ರು ಹೇಳಿದ್ದು ಕಂಪನಿ ಕೆಲ್ಸಕ್ಕೆ ಸರಿ, ಆದ್ರೆ ಊರಿನ ಆರ್ಸೆನಿಕ್‌ಗೆ ಡಾಫ್ನಿಯಾ ಸಾಕಾಗಲ್ಲ ಸರ್, ಜನರ ಮೈಗೆ ಎಷ್ಟು ಸೇರ್ತಿದೆ ಅಂತ ಅಳೆಯೋದು ಕಲೀಬೇಕು. ಬಾಂಗ್ಲಾದೇಶದ ಅರೈಹಜಾರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯವ್ರು 2000ದಿಂದ ಸಾವಿರಾರು ಜನರನ್ನ ಫಾಲೋ ಮಾಡಿದಾರೆ, ನೀರು ಜೊತೆಗೆ ಮೂತ್ರದ ಸ್ಯಾಂಪಲ್ಲೂ ತಗೊಂಡು. ಆ ದೇಶದಲ್ಲಿ ಟೆಸ್ಟ್ ಆದ್ಮೇಲೆ ಬೋರ್‌ಪಂಪಿಗೆ ಕೆಂಪೋ ಹಸಿರೋ ಬಣ್ಣ ಬಳಿಯೋದು, ಓದಕ್ಕೆ ಬರದಿದ್ದೋರಿಗೂ ಗೊತ್ತಾಗತ್ತೆ. ಅವ್ರ ಮಿತಿ ಲೀಟರಿಗೆ 50 ಮೈಕ್ರೋಗ್ರಾಂ, ನಮ್ದು 10, ಅವ್ರ ಪೇಪರ್ ಓದೋವಾಗ ಅದು ನೆನಪಿರ್ಲಿ. ಹತ್ರದಲ್ಲಿ ಬೇಕಂದ್ರೆ ಚೆನ್ನೈನ ಶ್ರೀ ರಾಮಚಂದ್ರ ಯೂನಿವರ್ಸಿಟಿ ಇದೆ, ಅಮೆರಿಕ ಸರ್ಕಾರದ ಫೋಗರ್ಟಿ ಸೆಂಟರಿನ ಜಿಯೋಹೆಲ್ತ್ (ಪರಿಸರ ಮತ್ತು ಆರೋಗ್ಯದ ಸಂಶೋಧನೆ, ಟ್ರೈನಿಂಗ್) ಕೆಲ್ಸ ಅಲ್ಲಿ ನಡೆದಿದ್ದು. ಹೆಚ್ಚು ವಾಯುಮಾಲಿನ್ಯದ್ದೇ, ಆದ್ರೂ ಎಕ್ಸ್‌ಪೋಷರ್ (ಮೈಗೆ ಎಷ್ಟು ತಾಗ್ತಿದೆ ಅನ್ನೋ) ಲೆಕ್ಕ ಕಲಿಯಕ್ಕೆ ಒಳ್ಳೇ ಜಾಗ.

ಉತ್ತರ 3:
ಹೊರಗೇ ಹೋಗ್ಬೇಕು ಅಂದ್ರೆ ಎರಾಸ್ಮಸ್ ಮುಂಡಸ್ (ಯುರೋಪಿಯನ್ ಯೂನಿಯನ್ ದುಡ್ಡು ಕೊಡೋ ಮಾಸ್ಟರ್ಸ್) ನೋಡಿ, ಸ್ಪೇನಿನ ಬಾಸ್ಕ್ ಕಂಟ್ರಿ ಯೂನಿವರ್ಸಿಟಿ ನಡೆಸೋ ಟಾಕ್ಸಿಕಾಲಜಿ ಮಾಸ್ಟರ್ಸ್ ಇದೆ, ಈ ಸಲ ಅಡ್ಮಿಷನ್ ಇದ್ಯಾ ಚೆಕ್ ಮಾಡ್ಕೊಳ್ಳಿ. ಸ್ಕಾಲರ್‌ಶಿಪ್ ಸಿಕ್ರೆ ತಿಂಗಳಿಗೆ 1400 ಯೂರೋ, ಟಿಕೆಟ್ಟು ವೀಸಾ ಬಾಡಿಗೆ ಎಲ್ಲಾ ಅದ್ರಲ್ಲೇ. ಮೊದಲ್ನೇ ಕಂತು ಹೋದ ತಕ್ಷಣ ಕೈಗೆ ಬರಲ್ಲ, ಮನೆ ಅಡ್ವಾನ್ಸಿಗೆ ಇಲ್ಲಿಂದ್ಲೇ ದುಡ್ಡು ಒಯ್ಯಿರಿ. ನಿಮ್ಮ ಯೂನಿವರ್ಸಿಟೀಲಿ ಟ್ರಾನ್ಸ್‌ಕ್ರಿಪ್ಟಿಗೆ (ಎಲ್ಲಾ ಸೆಮಿಸ್ಟರ್ ಅಂಕಗಳ ಅಧಿಕೃತ ಪಟ್ಟಿ) ಇವತ್ತೇ ಅರ್ಜಿ ಹಾಕ್ಬಿಡಿ, ನಂದು ಡೆಡ್‌ಲೈನ್ ಹಿಂದಿನ ವಾರ ಬಂತು, ಅದೂ ಹೆಸ್ರಲ್ಲಿ ಇನಿಷಿಯಲ್ ತಪ್ಪು.