ತಾಯಿ ಹೋಗಿ ಒಂಬತ್ತು ದಿನ: ಒಂದು ಮೀನು ಡೇಗೆ ಸಂಸಾರದ ಬಗ್ಗೆ ಚರ್ಚೆ

ನೀರಂಚು
ಏಪ್ರಿಲ್‌ನಿಂದ ಸ್ಕಾಟ್ಲೆಂಡಿನ ಒಂದು ಮೀನು ಡೇಗೆಯ ಗೂಡನ್ನು ನೇರ ಪ್ರಸಾರದಲ್ಲಿ ನೋಡುತ್ತಿದ್ದೇನೆ. ಆಸ್ಪ್ರೇ ಎಂದು ಪಕ್ಷಿ ಪುಸ್ತಕಗಳಲ್ಲಿರುವ ಹಕ್ಕಿಯೇ ಇದು. ಪೈನ್ ಮರದ ನೆತ್ತಿಯ ಮೇಲೆ ಕಡ್ಡಿ ಒಟ್ಟಿದ ಅಟ್ಟಣೆ. ಮೂರು ಮೊಟ್ಟೆ ಇಟ್ಟವು, ಮೂರೂ ಮರಿಯಾದವು, ಜುಲೈನಲ್ಲಿ ಮೂರೂ ಹಾರಿದವು. ಎರಡು ಹೆಣ್ಣು, ಒಂದು ಗಂಡು. ಗಂಡೇ ಎಲ್ಲಕ್ಕಿಂತ ಚಿಕ್ಕದು. ಮರಿಗಳ ಕಣ್ಣು ಇನ್ನೂ ಕಿತ್ತಳೆ ಬಣ್ಣ. ಬೆನ್ನಿನ ಪ್ರತಿ ಗರಿಗೂ ಕೆನೆಬಣ್ಣದ ಅಂಚು, ಯಾರೋ ಪುರುಸೊತ್ತಾಗಿ ಕುಳಿತು ಒಂದೊಂದಕ್ಕೂ ಜರಿ ಹೊಲಿದಂತೆ.

ಆಗಸ್ಟ್ 9ರ ಬೆಳಿಗ್ಗೆ ತಾಯಿ ಒಣಕೊಂಬೆಯ ಮೇಲೆ ಕುಳಿತು ಬಹಳ ಹೊತ್ತು ಗರಿ ತಿದ್ದಿಕೊಂಡಳು. ಆಮೇಲೆ ಎದ್ದು ಹೋದಳು. ಇವತ್ತಿಗೆ ಒಂಬತ್ತು ದಿನ, ಪತ್ತೆ ಇಲ್ಲ. ಮರಿಗಳು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಲೇ ಇವೆ. ಅಪ್ಪ ಒಬ್ಬನೇ ಮೀನು ಹೊರುತ್ತಿದ್ದಾನೆ. ಪಶ್ಚಿಮ ಆಫ್ರಿಕಾದವರೆಗೆ ಸುಮಾರು 5,000 ಕಿಲೋಮೀಟರ್ ಹಾರಬೇಕಾದ ಮಕ್ಕಳು, ಒಂದು ಮೀನು ಹಿಡಿಯಲೂ ಬಾರದ ಮಕ್ಕಳು. ಅವನ್ನು ಬಿಟ್ಟು ತಾಯಿ ಮೊದಲು ಹೊರಡುವುದೇ? ನನಗೆ ನಿಜವಾಗಿ ಸಿಟ್ಟು ಬಂದಿದೆ. ತಿಳಿದವರು ಹೇಳಿ.

ಹಳೆಯ ದುರ್ಬೀನು
ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಡಿ ಅಕ್ಕ, ಲೆಕ್ಕ ಹಾಕೋಣ. ಮೊಟ್ಟೆಗೆ ಕಾವು ಕೊಡಲು ಸುಮಾರು 37 ದಿನ, ಹೆಚ್ಚಿನ ಪಾಳಿ ಅವಳದು. ಮರಿ ಹಾರುವುದಕ್ಕೆ ಇನ್ನೂ ಏಳೂವರೆ ವಾರ. ಮಳೆ ಬಂದಾಗ ಅವಳೇ ಕೊಡೆ, ಬಿಸಿಲಿಗೆ ಅವಳೇ ಚಪ್ಪರ. ಈ ಮೂರು ತಿಂಗಳಲ್ಲಿ ಆಕೆ ಗೂಡು ಬಿಟ್ಟು ದೂರ ಹೋದದ್ದು ಅಪರೂಪ. ಗಂಡು ತಂದ ಮೀನನ್ನು ಚೂರು ಚೂರು ಕಿತ್ತು ಮರಿಗಳ ಬಾಯಿಗಿಟ್ಟು, ಮಿಕ್ಕದ್ದನ್ನು ತಾನು ತಿಂದಳು. ಈಗ ಮರಿಗಳಿಗೆ ಬಾಯಿಗಿಡುವವರು ಬೇಕಾಗಿಲ್ಲ, ಮೀನು ತಂದುಹಾಕುವವರು ಬೇಕು. ಆ ಕೆಲಸ ಮೊದಲಿನಿಂದಲೂ ಗಂಡಿನದೇ. ಅವಳು ಉಳಿದಿದ್ದರೆ ಅದೇ ಮೀನಿಗೆ ನಾಲ್ಕನೆಯ ಬಾಯಿ.

ಹೆಣ್ಣು ಆಗಸ್ಟ್‌ನಲ್ಲಿ ಮೊದಲು ಹೊರಡುವುದು ಈ ಜಾತಿಯ ಮಾಮೂಲು ಕ್ರಮ. ಆಮೇಲೆ ಮರಿಗಳು, ಕೊನೆಗೆ ಸಾಮಾನ್ಯವಾಗಿ ಗಂಡು. ಗಂಡ ಹೆಂಡತಿ ಚಳಿಗಾಲವನ್ನೂ ಒಟ್ಟಿಗೆ ಕಳೆಯುವುದಿಲ್ಲ. ಅವಳ ಹೊಳೆ ಅವಳಿಗೆ, ಇವನ ಹಿನ್ನೀರು ಇವನಿಗೆ. ವಸಂತದಲ್ಲಿ ಅದೇ ಗೂಡಿಗೆ ಬಂದು ಸೇರುತ್ತವೆ.

ಗಾಳಿಮಾತು
ಸರಿ, ತಾಯಿಯದು ಒಪ್ಪಿದೆ. ಅಪ್ಪನ ಕಥೆ ಬೇರೆ. ನಾನು ನೋಡುವ ಗೂಡಿನಲ್ಲಿ ಜುಲೈನಲ್ಲಿ ದಿನಕ್ಕೆ ಐದಾರು ಮೀನು ಬರುತ್ತಿತ್ತು, ಈಗ ಎರಡೋ ಮೂರೋ. ಬೇಕೆಂದೇ ಕಡಿಮೆ ಮಾಡುತ್ತಾನೆ. ಹಸಿವಾದರೆ ತಾವಾಗಿ ನೀರಿಗಿಳಿಯುತ್ತವೆ, ಕಲಿಯುತ್ತವೆ, ಹೊರಡುತ್ತವೆ. ಪ್ರಕೃತಿಯ ಪಾಠಶಾಲೆ.

ಪ್ರಶ್ನೆಪತ್ರಿಕೆ
ಈ ‘ಪ್ರಕೃತಿಯ ಪಾಠಶಾಲೆ’ಯನ್ನು ಕಂಡರೆ ನನಗಾಗುವುದಿಲ್ಲ. ನಿಮ್ಮ ಕ್ಯಾಮೆರಾ ಎಲ್ಲಿದೆ ಸ್ವಾಮಿ? ಗೂಡಿನ ಮೇಲೆ. ಮರಿಗಳು ಎಲ್ಲಿವೆ? ಹಾರಲು ಕಲಿತ ಮೇಲೆ ಅರ್ಧ ದಿನ ಆಚೆ ಮರದಲ್ಲಿ, ಕೆರೆಯ ದಡದಲ್ಲಿ. ಅಪ್ಪ ಮೀನನ್ನು ಅಲ್ಲೇ ಕೊಟ್ಟಿರಬಹುದು. ಚೌಕಟ್ಟಿನೊಳಗೆ ಬಂದ ಮೀನನ್ನು ಎಣಿಸಿ ಅಪ್ಪನ ಮನಸ್ಸನ್ನು ಓದುತ್ತಿದ್ದೀರಿ. ಗಾಳಿ ಜೋರಾಗಿ ನೀರು ಕದಡಿದ ದಿನ ಮೀನು ಮೇಲಿನಿಂದ ಕಾಣುವುದೇ ಕಷ್ಟ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನೀರಂಚು
ಇದು ನನಗೆ ಹೊಳೆದಿರಲಿಲ್ಲ. ನಿನ್ನೆ ಮಧ್ಯಾಹ್ನ ದೊಡ್ಡ ಹೆಣ್ಣುಮರಿ ಎಲ್ಲಿಂದಲೋ ಅರ್ಧ ತಿಂದ ಟ್ರೌಟ್ ಮೀನು ಹಿಡಿದುಕೊಂಡೇ ಗೂಡಿಗೆ ಬಂತು. ತಾನೇ ಹಿಡಿಯಿತು ಎಂದು ನಾನು ಸಂಭ್ರಮಪಟ್ಟಿದ್ದೆ. ಅಪ್ಪ ಕೊಟ್ಟದ್ದೇ ಇರಬಹುದು. ತಲೆ ಇರಲಿಲ್ಲ.

ಹಳೆಯ ದುರ್ಬೀನು
ತಲೆ ಇರಲಿಲ್ಲವೆಂದರೆ ಅಪ್ಪನದೇ ಎನ್ನುವ ಸಂಶಯ ನನಗೆ. ಗಂಡು ಮೀನು ಹಿಡಿದೊಡನೆ ಯಾವುದಾದರೂ ಕೊಂಬೆಯ ಮೇಲೆ ಕುಳಿತು ತಲೆಯ ಕಡೆಯಿಂದ ತಿನ್ನುತ್ತದೆ. ಅದು ಅವನ ಕೂಲಿ. ಉಳಿದದ್ದು ಮನೆಗೆ.

ಗರಿಗಣ್ಣು
ನಡುವೆ ಮೂಗು ತೂರಿಸುವುದಕ್ಕೆ ಕ್ಷಮೆ ಇರಲಿ. ‘ಡೇಗೆ’ ಎಂದು ಜನ ಬೇರೆ ಬೇಟೆಹಕ್ಕಿಗಳನ್ನೂ ಕರೆಯುತ್ತಾರೆ. ‘ಮೀನು ಗಿಡುಗ’ ಎಂದರೂ ಗೊಂದಲವೇ. ಇದು ಹದ್ದು, ಗಿಡುಗಗಳ ಕುಟುಂಬಕ್ಕೆ ಸೇರದೆ ತನ್ನದೇ ಕುಟುಂಬದಲ್ಲಿರುವ ಹಕ್ಕಿ. ಹೊರಬೆರಳನ್ನು ಹಿಂದಕ್ಕೆ ತಿರುಗಿಸಿ ಎರಡು ಬೆರಳು ಮುಂದೆ, ಎರಡು ಹಿಂದೆ ಮಾಡಿ ಮೀನನ್ನು ಹಿಡಿಯುತ್ತದೆ. ಅಂಗಾಲಿನ ತುಂಬ ಮುಳ್ಳಿನಂಥ ಉಬ್ಬುಗಳು. ಮೀನನ್ನು ತಲೆ ಮುಂದಾಗಿ ತಿರುಗಿಸಿ ಹೊತ್ತೊಯ್ಯುತ್ತದೆ, ಗಾಳಿ ತಡೆಯದಿರಲಿ ಎಂದು.

ಮೂರನೆಯ ಮರಿ
ಹೆಸರಿನ ಜಗಳ ಆಮೇಲೆ. ನನ್ನ ಚಿಂತೆ ಆ ಚಿಕ್ಕವನದು. ನೀರಂಚು ಅವರೇ, ನೀವು ಹೇಳುವ ಗೂಡನ್ನು ನಾನೂ ನೋಡುತ್ತಿದ್ದೇನೆ ಎನಿಸುತ್ತದೆ. ಮೀನು ಬಂದೊಡನೆ ಅಕ್ಕಂದಿರಲ್ಲಿ ಒಬ್ಬಳು ರೆಕ್ಕೆಗಳನ್ನು ಗುಡಾರದಂತೆ ಹರಡಿ ಅದರ ಮೇಲೆ ಕೂರುತ್ತಾಳೆ. ಇವನು ಸುತ್ತ ಸುತ್ತುತ್ತಾನೆ, ಬಾಲದ ತುಂಡು ಸಿಕ್ಕರೆ ಪುಣ್ಯ. ಮೊನ್ನೆ ನೀರಿಗೆ ಎರಗಿದವನು ಮೇಲೆದ್ದಾಗ ಕಾಲಲ್ಲಿ ಇದ್ದದ್ದು ಒಂದು ಹಿಡಿ ಜೊಂಡು. ಅದನ್ನೇ ಗೂಡಿಗೆ ತಂದು ಕೊಕ್ಕಿನಿಂದ ತಿರುವಿ ತಿರುವಿ ನೋಡಿದ. ನಗು ಬಂತು, ಹೊಟ್ಟೆಯೂ ಉರಿಯಿತು. ಗೂಡು ನೋಡಿಕೊಳ್ಳುವವರು ಒಂದೆರಡು ಮೀನು ಇಟ್ಟರೆ ಏನು ಗಂಟು ಹೋಗುತ್ತದೆ?

ಪ್ರಶ್ನೆಪತ್ರಿಕೆ
ಇಡಬಾರದು. ಅಪ್ಪ ಇದ್ದಾನೆ, ಮೀನು ಬರುತ್ತಿದೆ. ಹಾರುವ ವಯಸ್ಸಿನ ಮರಿಗಳಿರುವ ಮರವನ್ನು ಮನುಷ್ಯ ಹತ್ತಿದರೆ ಮೂರೂ ಬೆದರಿ ದಿಕ್ಕಾಪಾಲಾಗುತ್ತವೆ. ನೋಡುವವರ ಸಂಕಟ ಕಡಿಮೆ ಮಾಡಲು ಹಕ್ಕಿಯ ಮನೆಗೆ ನುಗ್ಗುವುದು ಯಾವ ನ್ಯಾಯ?

ಮೂರನೆಯ ಮರಿ
ಮನುಷ್ಯ ಕೈಹಾಕಲೇಬಾರದೆಂದರೆ ಇಂಗ್ಲೆಂಡಿನಲ್ಲಿ ಈ ಹಕ್ಕಿ ಇವತ್ತು ಎಲ್ಲಿರುತ್ತಿತ್ತು? 1996ರಿಂದ 2001ರವರೆಗೆ ಸ್ಕಾಟ್ಲೆಂಡಿನ ಗೂಡುಗಳಿಂದ 64 ಮರಿಗಳನ್ನು ಇಳಿಸಿ ರಟ್ಲೆಂಡ್ ವಾಟರ್ ಜಲಾಶಯದ ದಡಕ್ಕೆ ತಂದು, ದೊಡ್ಡ ಪಂಜರಗಳಲ್ಲಿಟ್ಟು, ಕೈಯಾರೆ ಮೀನು ಹಾಕಿಯೇ ಬಿಟ್ಟದ್ದು. ವೇಲ್ಸ್‌ನ ಡೈಫಿ ಗೂಡಿನಲ್ಲಿ 2012ರ ಜೂನ್ ಬಿರುಗಾಳಿಗೆ ಎರಡು ಮರಿಗಳು ಸತ್ತಾಗ ಮೂರನೆಯದಕ್ಕೆ ಜನರೇ ಹೋಗಿ ಮೀನು ತಿನ್ನಿಸಿದರು, ಅದು ಬದುಕಿತು. ನನ್ನ ಹೆಸರು ಅದರ ನೆನಪಿಗೇ ಇಟ್ಟುಕೊಂಡದ್ದು. ಅದಕ್ಕೆ ನ್ಯಾಯ, ಇದಕ್ಕೆ ಅನ್ಯಾಯವೇ?

ಪ್ರಶ್ನೆಪತ್ರಿಕೆ
ಡೈಫಿಯ ಮಾತು ಒಪ್ಪಿದೆ, ‘ಇಡಬಾರದು’ ಎಂದು ಗಂಟುಹಾಕಿ ಹೇಳಿದ್ದು ತಪ್ಪು. ಆ ಮರಿ ಹಾರದ ಮರಿ, ಗಂಟೆಗಳ ಲೆಕ್ಕದಲ್ಲಿ ಸಾಯುತ್ತಿತ್ತು. ಇಲ್ಲಿ ಹಾಗಿಲ್ಲ. ಆದರೆ ರಟ್ಲೆಂಡಿನ ಉದಾಹರಣೆ ಕೊಟ್ಟಿರಲ್ಲ, ಅದು ನಿಮ್ಮ ಭಯಕ್ಕೇ ಉತ್ತರ. ಆ 64 ಮರಿಗಳಿಗೆ ಅಪ್ಪ ಇರಲಿಲ್ಲ, ಅಮ್ಮ ಇರಲಿಲ್ಲ. ನೀರಿಗೆ ಎರಗುವುದನ್ನು ತೋರಿಸಿಕೊಟ್ಟವರಿಲ್ಲ, ಆಫ್ರಿಕಾ ಯಾವ ಕಡೆ ಎಂದು ಹೇಳಿದವರಿಲ್ಲ. ಮೀನು ಹಿಡಿದವು, ಹೊರಟವು. 1999ರಲ್ಲಿ ಮೊದಲ ಹಕ್ಕಿಗಳು ಮರಳಿದವು, 2001ರಲ್ಲಿ ಅಲ್ಲಿ ಮೊದಲ ಮರಿ ಹುಟ್ಟಿತು. ಮರಳಿದ್ದು ಮೊಟ್ಟೆಯೊಡೆದ ಸ್ಕಾಟ್ಲೆಂಡಿಗಲ್ಲ, ಮೊದಲ ಸಲ ಹಾರಿ ಕೆಳಗೆ ನೋಡಿದ ನೀರಿಗೆ. ಮೀನಿನ ಮರಿಗೆ ಈಜು ಕಲಿಸಬೇಕೇ ಎನ್ನುತ್ತೇವೆ. ಮೀನು ತಿನ್ನುವ ಮರಿಗೂ ಅದೇ ಮಾತು.

ಗಾಳಿಮಾತು
ಹಾಗಾದರೆ ಹುಟ್ಟಿನಿಂದಲೇ ಎಲ್ಲ ಬರುತ್ತದೆ ಎಂದಾಯಿತು. ಮತ್ತೆ ಅಷ್ಟೊಂದು ಮರಿಗಳು ಮೊದಲ ಪ್ರಯಾಣದಲ್ಲಿ ಸಮುದ್ರಪಾಲಾಗುವುದೇಕೆ?

ಹಳೆಯ ದುರ್ಬೀನು
ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಹುಟ್ಟಿನಿಂದ ಬರುವುದು ದಿಕ್ಕು ಮತ್ತು ‘ಇಷ್ಟು ದಿನ ಹಾರು’ ಎನ್ನುವ ಒಂದು ಅಂದಾಜು. ನಕ್ಷೆ ಬರುವುದಿಲ್ಲ. ಪಕ್ಕದಿಂದ ಗಾಳಿ ಹೊಡೆದಾಗ ಅನುಭವಸ್ಥ ಹಕ್ಕಿ ತಾನು ಸರಿದದ್ದನ್ನು ಅರಿತು ದಾರಿಗೆ ಮರಳುತ್ತದೆ. ಮೊದಲ ಸಲ ಹೊರಟ ಮರಿ ತನ್ನ ದಿಕ್ಕಿಗೆ ಮೂಗು ಹಿಡಿದು ಹಾರುತ್ತಲೇ ಇರುತ್ತದೆ, ಗಾಳಿ ಅದನ್ನು ಇಡಿಯಾಗಿ ಪಕ್ಕಕ್ಕೆ ಎಳೆದೊಯ್ಯುತ್ತದೆ. ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿದ ಹಕ್ಕಿಗಳ ಜಾಡು ಹಿಡಿದು ಕಂಡುಕೊಂಡ ಸಂಗತಿ ಇದು. ಪೂರ್ವದ ಗಾಳಿ ಬಲವಾದ ದಿನ ಬ್ರಿಟನ್ನಿನಿಂದ ಹೊರಟ ಮರಿಯ ಕೆಳಗೆ ಅಟ್ಲಾಂಟಿಕ್ ಬಿಟ್ಟರೆ ಬೇರೇನೂ ಇಲ್ಲ. ಈ ಹಕ್ಕಿಗೆ ನೀರಿನ ಮೇಲೆ ಕುಳಿತು ದಣಿವಾರಿಸಿಕೊಳ್ಳಲು ಬರುವುದಿಲ್ಲ.

ದಾಟಿದವಕ್ಕೂ ಮುಂದೆ ಸಹಾರಾ ಇದೆ. ಮೊದಲ ವರ್ಷವನ್ನು ಅರ್ಧಕ್ಕಿಂತ ಹೆಚ್ಚು ಮರಿಗಳು ಮುಗಿಸುವುದಿಲ್ಲ. ಮುಗಿಸಿದವು ಮರುವರ್ಷ ವಾಪಸಾಗುವುದೂ ಇಲ್ಲ. ಸೆನೆಗಲ್, ಗ್ಯಾಂಬಿಯಾ ಕಡೆ ಹೊಳೆಬಾಯಿಗಳಲ್ಲೇ ಉಳಿದು, ಎರಡನೆಯ ಅಥವಾ ಮೂರನೆಯ ವಸಂತಕ್ಕೆ ಉತ್ತರಕ್ಕೆ ಹೊರಡುತ್ತವೆ.

ಮೂರನೆಯ ಮರಿ ಅವರೇ, ಹೇಳಲೋ ಬೇಡವೋ ಎಂದು ಯೋಚಿಸಿದೆ. ನಿಮ್ಮ ಡೈಫಿಯ ಮರಿ ಆಫ್ರಿಕಾ ತಲುಪಿತ್ತು. ಅಷ್ಟು ದೂರ ಸರಿಯಾಗಿಯೇ ಹಾರಿತ್ತು. ಸೆನೆಗಲ್‌ನಲ್ಲಿ ಮೀನಿನ ಬಲೆಗೆ ಸಿಕ್ಕಿ ಸತ್ತಿತು.

ಮೂರನೆಯ ಮರಿ
ಗೊತ್ತು. ಗೊತ್ತಿದ್ದೇ ಆ ಹೆಸರು ಇಟ್ಟುಕೊಂಡೆ. ಸಾಯುತ್ತದೆ ಎಂದು ಮೀನು ಹಾಕದೇ ಇರಬೇಕಿತ್ತೇ?

ಹಳೆಯ ದುರ್ಬೀನು
ಇಲ್ಲ. ಹಾಕಿದ್ದು ಸರಿಯೇ.

ಗಾಳಿಮಾತು
ಟ್ರಾನ್ಸ್‌ಮಿಟರ್ ಮಾತು ಬಂತಲ್ಲ, ಆ ಯಂತ್ರದ ಭಾರವೇ ಹಕ್ಕಿಯನ್ನು ಕೊಲ್ಲುವುದಿಲ್ಲವೇ?

ಗರಿಗಣ್ಣು
ದೇಹತೂಕದ ಶೇಕಡಾ 3ನ್ನು ಮೀರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಒಂದೂವರೆ ಕಿಲೋ ಹಕ್ಕಿಗೆ ಸುಮಾರು 30 ಗ್ರಾಂ ಯಂತ್ರ. ಹಕ್ಕಿ ಹೊತ್ತೊಯ್ಯುವ ಮೀನು ಆ ಯಂತ್ರದ ಹತ್ತು ಪಟ್ಟು ತೂಗುವುದುಂಟು.

ನೀರಂಚು
ಆಗಸ್ಟ್ 27. ದೊಡ್ಡ ಹೆಣ್ಣುಮರಿ ನಿನ್ನೆಯಿಂದ ಕಾಣುತ್ತಿಲ್ಲ. ಹೊರಡುವ ಗಳಿಗೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ, ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕೊಂಬೆ ಖಾಲಿ. ಬೀಳ್ಕೊಡುಗೆ ಇಲ್ಲ, ಸುತ್ತು ಹೊಡೆದು ನೋಡುವುದಿಲ್ಲ, ಏನೂ ಇಲ್ಲ. ಗುಂಪಾಗಿ ಹೊರಡುತ್ತವೆ, ಅಪ್ಪ ಮುಂದೆ, ಮಕ್ಕಳು ಹಿಂದೆ ಎಂದೇ ಇಷ್ಟು ತಿಂಗಳು ಅಂದುಕೊಂಡಿದ್ದೆನಲ್ಲ!

ಪ್ರಶ್ನೆಪತ್ರಿಕೆ
ಕೊಕ್ಕರೆ, ಬಾತುಗಳನ್ನು ನೋಡಿ ನಮಗೆ ಆ ಚಿತ್ರ ಅಂಟಿಕೊಂಡಿದೆ. ಇವು ಒಂಟಿ ಪ್ರಯಾಣಿಕರು. ಆ ಮೂರು ಮರಿಗಳೂ ಮೂರು ಬೇರೆ ದಿನ, ಮೂರು ಬೇರೆ ದಾರಿ ಹಿಡಿದರೆ ಆಶ್ಚರ್ಯವಿಲ್ಲ.

ಗಾಳಿಮಾತು
ಅಂದರೆ ನನ್ನ ‘ಅಪ್ಪ ಹೊರದಬ್ಬುತ್ತಾನೆ’ ವಾದ ಇನ್ನೂ ಸತ್ತಿಲ್ಲ. ಯಾರೂ ದಬ್ಬದೆ ಅಷ್ಟು ಎಳೆಯ ಹಕ್ಕಿ ಹೊರಡುವುದಾದರೂ ಹೇಗೆ?

ಹಳೆಯ ದುರ್ಬೀನು
ಹಗಲು ಗಿಡ್ಡವಾಗುತ್ತಿದೆ ಎಂಬುದು ಅದರ ಮೈಗೆ ಗೊತ್ತಾಗುತ್ತದೆ. ಸಾಲದೆಂದರೆ ಅಪ್ಪನನ್ನೇ ಇನ್ನೊಂದು ವಾರ ನೋಡಿ. ಹೊರದಬ್ಬುವವನ ನಡವಳಿಕೆ ಹೇಗಿರುತ್ತದೆ, ಇವನದು ಹೇಗಿದೆ ಎಂದು ನೀವೇ ತೀರ್ಮಾನಿಸಿ.

ಮೂರನೆಯ ಮರಿ
ಸೆಪ್ಟೆಂಬರ್ 2. ಎರಡನೆಯ ಅಕ್ಕ ಹೋದಳು. ಈಗ ಚಿಕ್ಕವನಿಗೆ ಪೂರಾ ಮೀನು! ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ಒಂದು. ಕಸಿಯುವವರಿಲ್ಲ, ಆದರೂ ರೆಕ್ಕೆ ಹರಡಿ ಗುಡಾರ ಕಟ್ಟಿಕೊಂಡೇ ತಿನ್ನುತ್ತಾನೆ. ಕತ್ತಿನ ಕೆಳಗಿನ ಚೀಲ ಉಬ್ಬಿ ಚೆಂಡಾಗಿದೆ. ಪ್ರಶ್ನೆಪತ್ರಿಕೆ ಅವರೇ, ಮೀನಿನ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ.

ಪ್ರಶ್ನೆಪತ್ರಿಕೆ
ಅವನ ಕಾಲಿಗೆ ತೊಡಿಸಿದ ಗುರುತಿನ ಉಂಗುರದ ಸಂಖ್ಯೆ ಬರೆದಿಟ್ಟುಕೊಂಡಿದ್ದೀರಾ? ಎಡಗಾಲಿನಲ್ಲಿದ್ದರೆ ಸ್ಕಾಟ್ಲೆಂಡಿನಲ್ಲಿ ತೊಡಿಸಿದ್ದು, ಬಲಗಾಲಿನಲ್ಲಾದರೆ ಇಂಗ್ಲೆಂಡ್ ಅಥವಾ ವೇಲ್ಸ್. ಎರಡು ಮೂರು ವರ್ಷದ ನಂತರ ಯಾರಾದರೂ ದುರ್ಬೀನಿನಲ್ಲಿ ಓದಿದರೆ ಅದೊಂದೇ ಗುರುತು.

ಮೂರನೆಯ ಮರಿ
ಬರೆದಿಟ್ಟಿದ್ದೇನೆ. ಎಡಗಾಲು.

ನೀರಂಚು
ಸೆಪ್ಟೆಂಬರ್ 6. ಚಿಕ್ಕವನು ನಿನ್ನೆ ಬೆಳಿಗ್ಗೆ ಹತ್ತರ ಹೊತ್ತಿಗೆ ಕೊಂಬೆಯಿಂದ ಎದ್ದ, ಮೇಲೆ ಮೇಲೆ ಸುತ್ತಿದ, ಚೌಕಟ್ಟಿನ ಎಡ ಮೂಲೆಯಿಂದ ಹೊರಗೆ ಹೋದ. ಸಂಜೆ ಬರಲಿಲ್ಲ. ಇವತ್ತೂ ಇಲ್ಲ.

ಇವತ್ತು ಮಧ್ಯಾಹ್ನ ಅಪ್ಪ ಬಂದ. ಕಾಲಲ್ಲಿ ತಲೆ ಇಲ್ಲದ ಮೀನು, ಬಾಲ ಇನ್ನೂ ಮಿಡಿಯುತ್ತಿತ್ತು. ಗೂಡಿನ ನಡುವೆ ಇಟ್ಟು ಪಕ್ಕಕ್ಕೆ ಸರಿದು ನಿಂತ. ಎರಡು ಸಲ ಕೂಗಿದ. ಇಪ್ಪತ್ತೆರಡು ನಿಮಿಷ ಹಾಗೇ ನಿಂತಿದ್ದ, ನಾನು ಗಡಿಯಾರ ನೋಡಿಕೊಂಡೇ ಕುಳಿತಿದ್ದೆ. ಒಂದು ನೊಣ ಬಂದು ಮೀನಿನ ಮೇಲೆ ಕೂತಾಗ ಬಗ್ಗಿ ನೋಡಿದ, ಮುಟ್ಟಲಿಲ್ಲ. ಆಮೇಲೆ ಅದನ್ನು ಎತ್ತಿಕೊಂಡು ಒಣಕೊಂಬೆಗೆ ಹೋಗಿ ನಿಧಾನವಾಗಿ ಬಾಲದವರೆಗೂ ತಿಂದ.

ಗಾಳಿಮಾತು
ನೋಡಿದೆ. ಹೊರದಬ್ಬುವ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ನೀರಂಚು
ಸೆಪ್ಟೆಂಬರ್ 8. ಒಣಕೊಂಬೆಯ ಮೇಲೆ ಒಂದು ಕಾಗೆ ಕುಳಿತಿದೆ.