ಸೈಟು, ಎಫ್‌ಡಿ, ಚಿನ್ನ, ಫಂಡು: ಯಾವುದರಲ್ಲಿ ಎಷ್ಟು?

ಪ್ರಶ್ನೆ (ರಾಮಕೃಷ್ಣನಗರ, ಮೈಸೂರು):
ನಮಸ್ತೆ ಸರ್. ನನಗೆ 43, ಯಜಮಾನರಿಗೆ 47. ಸ್ವಂತ ಮನೆ ಇದೆ. ಅದು ಬಿಟ್ಟು ಬೋಗಾದಿ ಕಡೆ ಒಂದು ಸೈಟು, ಈಗ 42 ಲಕ್ಷ ಬಾಳುತ್ತೆ ಅಂತಾರೆ. ಎಫ್‌ಡಿ 12 ಲಕ್ಷ, ಚಿನ್ನದ ನಾಣ್ಯ 3 ಲಕ್ಷದ್ದು, ಮ್ಯೂಚುವಲ್ ಫಂಡ್ 3 ಲಕ್ಷ. ತಿಂಗಳಿಗೆ 15 ಸಾವಿರ ಉಳಿಯುತ್ತೆ. ಮಗಳು ಸೆಕೆಂಡ್ ಪಿಯು, ಮುಂದಿನ ವರ್ಷ ಇಂಜಿನಿಯರಿಂಗ್, ವರ್ಷಕ್ಕೆ 2 ಲಕ್ಷ ಬೇಕು. ನನ್ನ ತಮ್ಮ, ಎಫ್‌ಡಿ ಮುರಿದು ಪೂರ್ತಿ ಫಂಡಿಗೆ ಹಾಕಕ್ಕ ಅಂತಾನೆ. ಮದ್ದೂರಿನ ಮಾವನವರು ಮಣ್ಣಿಗೆ ಹಾಕಿದ ದುಡ್ಡು ಎಲ್ಲೂ ಹೋಗಲ್ಲ, ಇನ್ನೊಂದು ಸೈಟು ತಗೊಳ್ಳಿ ಅಂತಾರೆ. ನಾವು ಆಗಲೇ ನಾಲ್ಕು ಕಡೆ ಹಂಚಿದ್ದೀವಿ ಅಲ್ವಾ?

ಉತ್ತರ:
ನಾಲ್ಕು ಕಡೆ ಇದೆ ನಿಜ ಮೇಡಂ, ಎಷ್ಟೆಷ್ಟು ಅಂತ ಒಂದ್ಸಲ ಹಾಳೆಯಲ್ಲಿ ಬರೆದು ನೋಡಿ. ಒಟ್ಟು 60 ಲಕ್ಷದಲ್ಲಿ ಸೈಟೊಂದೇ ನೂರಕ್ಕೆ 70. ಎಫ್‌ಡಿ 20, ಚಿನ್ನ 5, ಫಂಡು 5. ಕಾಲೇಜು ಫೀಸು ಬಂತು ಅಂತ ಸೈಟಿನ ಒಂದು ಮೂಲೆ ಕತ್ತರಿಸಿ ಮಾರೋಕೆ ಆಗಲ್ಲ. ಹಾಗಾಗಿ ಮಾವನವರ ಮಾತು ಈಗ ಬೇಡ.

ತಮ್ಮನ ಮಾತೂ ಬೇಡ. ಷೇರಿಗೆ ಹಾಕೋ ಫಂಡು ಪೇಟೆ ಜೊತೆ ಏರಿಳಿಯುತ್ತೆ. 2020ರ ಜನವರಿಯಲ್ಲಿ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ 42 ಸಾವಿರ ಮುಟ್ಟಿತ್ತು, ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗೆ ಬಂತು. ನವೆಂಬರಿಗೆಲ್ಲ ಮತ್ತೆ ಮೇಲೆ ಹೋಯ್ತು, ಕಾದವರು ಬಚಾವ್. ಆದರೆ ಫೀಸು ಕಟ್ಟೋ ಕೌಂಟರ್‌ನಲ್ಲಿ ನವೆಂಬರ್‌ವರೆಗೆ ಕಾಯ್ತಾರಾ? ನಾಲ್ಕು ವರ್ಷದ 8 ಲಕ್ಷ, ಜೊತೆಗೆ ಆಸ್ಪತ್ರೆ ಗೀಸ್ಪತ್ರೆ ಅಂತ 3 ಲಕ್ಷ, ಎಫ್‌ಡಿಯಲ್ಲೇ ಇರಲಿ. ದುಡ್ಡು ಯಾವಾಗ ಬೇಕು ಅನ್ನೋದು ಮೊದಲು, ಯಾವುದು ಜಾಸ್ತಿ ಕೊಡುತ್ತೆ ಅನ್ನೋದು ಆಮೇಲೆ.

ಯಜಮಾನರು ರಿಟೈರ್ ಆಗೋಕೆ ಹತ್ತು ವರ್ಷಕ್ಕಿಂತ ಜಾಸ್ತಿ ಇದೆ ಅಂದುಕೊಂಡು ಹೇಳ್ತೀನಿ, ಆ 15 ಸಾವಿರದಲ್ಲಿ 10 ಸಾವಿರ ಇಂಡೆಕ್ಸ್ ಫಂಡಿಗೆ (ಸೆನ್ಸೆಕ್ಸ್ ತರದ ಸೂಚ್ಯಂಕದಲ್ಲಿರೋ ಷೇರುಗಳನ್ನೇ ಕೊಳ್ಳೋ ಫಂಡು), ಉಳಿದಿದ್ದು ಪಿಪಿಎಫ್‌ಗೆ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಹಾಕಿ. ಪ್ರತಿ ಯುಗಾದಿಗೆ ಒಂದ್ಸಲ ಲೆಕ್ಕ ನೋಡಿ. ಫಂಡು ತುಂಬಾ ಏರಿದ್ರೆ ತಕ್ಷಣ ಮಾರೋದು ಬೇಡ, ಮುಂದಿನ ಕೆಲವು ತಿಂಗಳ ದುಡ್ಡನ್ನು ಪಿಪಿಎಫ್ ಕಡೆ ತಿರುಗಿಸಿದ್ರೆ ಸಾಕು. ವರ್ಷ ದಾಟಿದ ಈಕ್ವಿಟಿ ಫಂಡ್, ಅಂದ್ರೆ ಷೇರಿನ ಫಂಡು, ಮಾರಿದ್ರೆ 1.25 ಲಕ್ಷಕ್ಕಿಂತ ಮೇಲಿನ ಲಾಭಕ್ಕೆ 12.5% ತೆರಿಗೆ, ಸುಮ್ನೆ ಯಾಕೆ?

ಅಂದಹಾಗೆ, ಆ 12 ಲಕ್ಷ ಒಂದೇ ಬ್ಯಾಂಕಿನಲ್ಲಿದೆಯಾ? ಬ್ಯಾಂಕ್ ಮುಳುಗಿದ್ರೆ ಸಿಗೋ ಠೇವಣಿ ವಿಮೆ ಒಂದು ಬ್ಯಾಂಕಿಗೆ, ಒಬ್ಬರ ಹೆಸರಿಗೆ, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ.

ಪ್ರಶ್ನೆ ಕೇಳಿದವರು:
ಅಯ್ಯೋ, 7 ಲಕ್ಷ ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘದಲ್ಲಿದೆ ಸರ್. ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತಾರೆ ಅಂತ.

ಉತ್ತರ:
ಸಹಕಾರಿ ಬ್ಯಾಂಕಿಗೆ ಆ ವಿಮೆ ಇದೆ, ಪತ್ತಿನ ಸಂಘಕ್ಕೆ ಇಲ್ಲ. 7 ಲಕ್ಷಕ್ಕೆ ಅರ್ಧ ಪರ್ಸೆಂಟ್ ಅಂದ್ರೆ ವರ್ಷಕ್ಕೆ 3,500 ರೂಪಾಯಿ. ಅಷ್ಟಕ್ಕೆ ಮಗಳ ಫೀಸನ್ನು ಅಲ್ಲಿಡಬೇಡಿ. ಅವಧಿ ಮುಗೀತಿದ್ದ ಹಾಗೆ ಎರಡು ಬ್ಯಾಂಕಿಗೆ ಹಾಕಿ.

ಇನ್ನೊಬ್ಬ ಸದಸ್ಯರು (ಮಂಡ್ಯ):
ಅಣ್ಣ, ನಂದು ಮೂರು ಎಕರೆ ಕಬ್ಬು. ತಿಂಗಳ ಸಂಬಳ ಇಲ್ಲ. ಈ ಲೆಕ್ಕ ನಮಗೂ ನಡೆಯುತ್ತಾ?

ಉತ್ತರ:
ನಡೆಯುತ್ತೆ, ಅಳತೆ ಬೇರೆ. ನಿಮ್ಮ ಆಸ್ತಿ, ಸಂಪಾದನೆ ಎರಡೂ ಒಂದೇ ನಾಲೆ ನೀರಿನ ಮೇಲೆ ನಿಂತಿದೆ. 2023ರಲ್ಲಿ ಕೆಆರ್‌ಎಸ್ ತುಂಬಲೇ ಇಲ್ಲ, ನೆನಪಿದೆಯಲ್ಲ? ಕಬ್ಬಿನ ಬಿಲ್ಲು 14 ದಿನದಲ್ಲಿ ಕೊಡಬೇಕು ಅಂತ ನಿಯಮ ಇದೆ, ಕೈಗೆ ಬರೋದು ಯಾವಾಗ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದಕ್ಕೇ ಮೊದಲು ಒಂದು ವರ್ಷದ ಮನೆ ಖರ್ಚು, ಮುಂದಿನ ಬೆಳೆಯ ಗೊಬ್ಬರ, ಕೂಲಿ, ಇಷ್ಟು ಬ್ಯಾಂಕಿನಲ್ಲಿಡಿ. ಅದರ ಮೇಲೆ ಉಳಿದಿದ್ದರಲ್ಲಿ ಮಾತ್ರ ಫಂಡು, ಬಿಲ್ಲು ಬಂದಾಗ ನಾಲ್ಕೈದು ಕಂತು ಮಾಡಿ ಹಾಕಿ. ಪಕ್ಕದ ಜಮೀನು ಮಾರಾಟಕ್ಕೆ ಬಂದಿದೆ ಅಂತ ಸಾಲ ಮಾಡಿ ತಗೋಬೇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಇದನ್ನ ಮಾವನವರಿಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ.

ಉತ್ತರ:
ಇರೋ ಸೈಟು ಮಾರಲ್ಲ ಅಂತ ಮೊದಲು ಹೇಳಿ, ಅರ್ಧ ಸಮಾಧಾನ ಆಗ್ತಾರೆ. ಮೊಮ್ಮಗಳ ಫೀಸಿನ ವಿಷಯ ಆಮೇಲೆ ಎತ್ತಿ.