ಸಹಾಯ ಬೇಕು: ಪಿಕಪ್ ಕ್ಯಾನೊಪಿಗೆ ಬಣ್ಣವೋ, ವಿನೈಲೋ?

ನನ್ನ ಪಿಕಪ್ ವಾಹನದ ಹಿಂಭಾಗಕ್ಕೆ ಕೂರಿಸಿರುವ ಫೈಬರ್‌ಗ್ಲಾಸ್ ಕ್ಯಾನೊಪಿ (ಗಟ್ಟಿ ಮೇಲ್ಹೊದಿಕೆ) ಬಿಸಿಲಿಗೆ ಬಿಳಿಚಿಕೊಂಡಿದೆ. ಕೈಯಿಟ್ಟರೆ ಸೀಮೆಸುಣ್ಣದಂತಹ ಪುಡಿ ಅಂಟುತ್ತದೆ. ಇದನ್ನು ಮನೆಯಲ್ಲಿಯೇ ಹೊಸದಾಗಿಸುವ ಆಸೆ ನನ್ನದು.

ಮೇಣ, ಜಿಡ್ಡು ತೆಗೆದು 400 ಗ್ರಿಟ್‌ನ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜುವುದಂತೂ ಖಚಿತ. ಗೊಂದಲವೆಲ್ಲ ಆಮೇಲಿನದು. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಯುರೆಥೇನ್ ಬಣ್ಣ ಬಹುಕಾಲ ಬಾಳುತ್ತದೆ. ಆದರೆ ಸಿಂಪಡಿಸುವಾಗ ಹರಡುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮುಖಗವಸು ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಮಕ್ಕಳಿರುವುದರಿಂದ ನನಗೆ ನಿಜವಾಗಿಯೂ ಭಯ. ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯಾದ ವಿನೈಲ್‌ಗೆ ಆ ಚಿಂತೆಯಿಲ್ಲ, ಆದರೆ ಪುಡಿ ಉಳಿದಲ್ಲಿ ಅದು ಸರಿಯಾಗಿ ಅಂಟುವುದಿಲ್ಲ, ತಳದ ಗೀರುಗಳೂ ಎದ್ದು ಕಾಣುತ್ತವೆ.

ಉಜ್ಜಿದ ಜೆಲ್‌ಕೋಟ್‌ಗೆ (ಫೈಬರ್‌ಗ್ಲಾಸ್‌ನ ಹೊರಪದರಕ್ಕೆ) ಪ್ರೈಮರ್ ಹಚ್ಚಿ, ಅದರ ಮೇಲೆ ವಿನೈಲ್ ಅಂಟಿಸಿದವರು ಯಾರಾದರೂ ಇದ್ದೀರಾ? ಅಂಚುಗಳು ಏಳದೆ ನಿಂತವೇ? ಕಿಟಕಿಯ ಚೌಕಟ್ಟುಗಳನ್ನು ಬಿಚ್ಚಲೇಬೇಕೇ? ದಯವಿಟ್ಟು ತಿಳಿಸಿ.